ದೀಪ ಅಲುಗದ ಬಸ್ಸು

ಆವಲಪ್ಪನ ಬಸ್ಸು ಹುತ್ತೂರಿಗೆ ಬಂದದ್ದು ಎತ್ತು ಕಟ್ಟಿಕೊಂಡು. ಎರಡು ಜೊತೆ ಎತ್ತು ಮುಂದೆ, ಇಂಜಿನ್ನಿಲ್ಲದ ಬಸ್ಸು ಹಿಂದೆ. ಕೋಲಾರದಿಂದ ಹೊರಟಾಗ ಒಂದೇ ಜೊತೆ ಇತ್ತು. ಮೊದಲ ಏರಿನಲ್ಲೇ ಅವು ಮೊಣಕಾಲೂರಿದ್ದರಿಂದ, ದಾರಿಯ ಪಕ್ಕದ ಹೊಲದವರ ಕೈಕಾಲು ಹಿಡಿದು ಇನ್ನೊಂದು ಜೊತೆ ಕಟ್ಟಿಸಿದ್ದಾಯಿತು. ಆವಲಪ್ಪ ಡ್ರೈವರ್ ಸೀಟಿನಲ್ಲಿ ಕೂತು, ಭರ್ತಿ ಬಸ್ಸು ಓಡಿಸುವವನ ಗಾಂಭೀರ್ಯದಿಂದ ಸ್ಟೇರಿಂಗು ತಿರುಗಿಸುತ್ತಿದ್ದ. ತಿರುಗಿಸಲೇಬೇಕಿತ್ತು, ಇಲ್ಲದಿದ್ದರೆ ಬಸ್ಸು ಚರಂಡಿಗಿಳಿಯುತ್ತಿತ್ತು. ಊರಿನವರಿಗೆ ಅದೆಲ್ಲ ಯಾಕೆ ಬೇಕು? ಕೆರೆ ಏರಿಯ ಮೇಲೆ ಸಾಲಾಗಿ ನಿಂತು ಹಲ್ಲು ಬಿಟ್ಟರು.

“ಲೇ ಆವಲಾ, ಹಾರನ್ ಹೊಡಿಯೋ, ಎತ್ತು ಪಕ್ಕಕ್ಕೆ ಸರ್ಕೊಳ್ಳಿ” ಎಂದು ಒಬ್ಬ ಕೂಗಿದ.

ಆವಲಪ್ಪ ಹಾರನ್ನಿನ ರಬ್ಬರ್ ಬುರುಡೆ ಅದುಮಿ ಪೋಂ ಅನ್ನಿಸಿಯೇ ಬಿಟ್ಟ. ಹಿಂದಿನ ಸೀಟಿನಲ್ಲಿ ಮಡಕೆ ಕುಡಿಕೆಗಳ ನಡುವೆ ಕೂತಿದ್ದ ಅವನ ಹೆಂಡತಿ ಶಾಮಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ಆವಲಪ್ಪ ನೋಡಿ ವರ್ಷದ ಮೇಲಾಗಿತ್ತು. ಆ ನಗುವಿಗಾಗಿ ಬಸ್ಸನ್ನು ಮದರಾಸಿನ ತನಕ ಬೇಕಾದರೂ ಎಳೆಸಿಕೊಂಡು ಹೋಗಲು ಅವನು ತಯಾರಿದ್ದ.

ಅದು ಯುದ್ಧದ ಕಾಲ. ಆವಲಪ್ಪ ಕೋಲಾರದ ಸಾಹುಕಾರ ಕೋದಂಡರಾಮಪ್ಪನವರ ಬಸ್ಸಿಗೆ ಡ್ರೈವರು. ದಿನವೂ ಶ್ರೀನಿವಾಸಪುರಕ್ಕೆ ಹೋಗಿ ಬರುವುದು, ಸಂತೆಯ ದಿನ ಮುಳಬಾಗಿಲಿಗೆ. ಪೆಟ್ರೋಲು ಕಣ್ಣಿಗೆ ಕಾಣದಂತಾದಾಗ ಸಾಹುಕಾರರು ಹೊಸ ಬಸ್ಸಿನ ಬೆನ್ನಿಗೆ ಇದ್ದಲು ಉರಿಸುವ ದೊಡ್ಡ ಡ್ರಮ್ಮು ಹಾಕಿಸಿದರು. ಇದ್ದಲು ಒಳಗೇ ಬೆಂದು ಗ್ಯಾಸಾಗಬೇಕು, ಆ ಗ್ಯಾಸಿನಿಂದ ಬಸ್ಸು ಓಡಬೇಕು. ಓಡುತ್ತಿತ್ತು ಅನ್ನುವುದು ದೊಡ್ಡ ಮಾತು. ಏರು ಬಂದಾಗೆಲ್ಲ ಪ್ಯಾಸೆಂಜರುಗಳು ಇಳಿದು ತಳ್ಳುತ್ತಿದ್ದರು, ಇಳಿಜಾರಿನಲ್ಲಿ ಓಡಿ ಬಂದು ಹತ್ತುತ್ತಿದ್ದರು, ಶ್ರೀನಿವಾಸಪುರ ತಲುಪುವ ಹೊತ್ತಿಗೆ ಎಲ್ಲರ ಮುಖವೂ ಕಮ್ಮಾರನ ಮುಖವಾಗಿರುತ್ತಿತ್ತು.

ಒಮ್ಮೆ ಮಳೆ ಹಿಡಿದಿದ್ದ ಬೆಳಿಗ್ಗೆ ಕ್ಲೀನರ್ ಮುನಿಕೃಷ್ಣಪ್ಪ ಷೆಡ್ಡಿನ ಬಾಗಿಲು ಹಾಕಿಕೊಂಡು ಒಳಗೇ ಡ್ರಮ್ಮಿಗೆ ಬೆಂಕಿ ಕೊಟ್ಟಿದ್ದ. ಆವಲಪ್ಪ ಬಂದು ನೋಡಿದರೆ ಆಸಾಮಿ ಡ್ರಮ್ಮಿನ ಬುಡದಲ್ಲಿ ಬಿದ್ದಿದ್ದಾನೆ. ಮುಖ ಮಾತ್ರ ಎಣ್ಣೆನೀರು ಹಾಕಿಕೊಂಡು ಬಂದವನ ಹಾಗೆ ಕೆಂಪಗೆ ರಂಗೇರಿತ್ತು. ದರದರ ಎಳೆದು ಅಂಗಳದ ಗಾಳಿಗೆ ಹಾಕಿದ ಮೇಲೆ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ. “ಗ್ಯಾಸು ಹೊಡೀತು ಕಣಣ್ಣ, ತಲೆ ಗಿರ್ ಅಂತು, ಆಮೇಲೆ ಒಳ್ಳೇ ನಿದ್ದೆ ಬಂತು” ಎಂದ. ಅಂದಿನಿಂದ ಷೆಡ್ಡಿನೊಳಗೆ ಡ್ರಮ್ಮು ಹೊತ್ತಿಸುವುದನ್ನು ಇಬ್ಬರೂ ಬಿಟ್ಟರು. ಅದು ಮೋಟಾರಿನ ವಿಷಯ, ಮೋಟಾರಿನವರು ತಿಳಿದುಕೊಂಡರೆ ಸಾಕು ಎಂದು ಆವಲಪ್ಪ ಬೇರೆ ಯಾರಿಗೂ ಹೇಳಲಿಲ್ಲ.

ಹೊಸ ಬಸ್ಸಿಗೆ ಬಿಡಿಭಾಗ ಬೇಕೆಂದು ಹಳೆಯ ಬಸ್ಸಿನ ಇಂಜಿನ್ನು ಬಿಚ್ಚಿಕೊಂಡಿದ್ದರು. ಉಳಿದ ಬಾಡಿ ಷೆಡ್ಡಿನ ಹಿಂದೆ ನಿಂತು ಕೋಳಿಗಳಿಗೆ ಮೊಟ್ಟೆಯಿಡುವ ಜಾಗವಾಗಿತ್ತು. ಆವಲಪ್ಪ ಅದನ್ನು ಕೇಳಿದ.

“ಅದನ್ನ ತಗೊಂಡೋಗಿ ಏನ್ಮಾಡ್ತೀಯೋ?” ಎಂದರು ಕೋದಂಡರಾಮಪ್ಪ.

“ಸಂಸಾರ ಮಾಡ್ತೀನಿ ಸಾಮಿ.”

ಸಾಹುಕಾರರು ನಕ್ಕು, ಚಕ್ರವನ್ನೂ ಇರಿಸಿಕೋ ಹೋಗು ಎಂದರು. ಆವಲಪ್ಪ ನಗಲಿಲ್ಲ. ಅವನಿಗೆ ಆ ಬಸ್ಸು ಯಾಕೆ ಬೇಕಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

ಶಾಮಲಮ್ಮ ಅವನ ಸ್ವಂತ ಅಕ್ಕ ಮುತ್ಯಾಲಮ್ಮನ ಮಗಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಮುತ್ಯಾಲಮ್ಮ. ಅವನು ದೊಡ್ಡವನಾದ ಮೇಲೆ ಮಗಳನ್ನೂ ಅವನಿಗೇ ಕೊಟ್ಟು ಎರಡು ಕರುಳನ್ನೂ ಒಂದೇ ಮನೆಯಲ್ಲಿ ಇಟ್ಟೆನೆಂದು ಹಿಗ್ಗಿದ್ದಳು. ಶಾಮಲಮ್ಮನ ಚೊಚ್ಚಲ ಬಾಣಂತನ ಶ್ರೀನಿವಾಸಪುರದ ಆಚೆಗಿನ ತಾಯಿಯ ಹಳ್ಳಿಯಲ್ಲಿ, ಹುಲ್ಲು ಹೊದಿಸಿದ ಮನೆಯಲ್ಲಿ ಆಯಿತು. ಮಾಗಿಯ ಚಳಿ. ಹುಲ್ಲಿನ ಸಂದಿನಿಂದ, ಬಾಗಿಲ ಕೆಳಗಿನಿಂದ ಗಾಳಿ ಸುಯ್ಯೆಂದು ನುಗ್ಗುತ್ತಿತ್ತು. ಗಂಡು ಮಗು ಕೆಮ್ಮಿ ಕೆಮ್ಮಿ ನಾಮಕರಣಕ್ಕೂ ಉಳಿಯಲಿಲ್ಲ. ಗಾಳಿ ಸೋಕಿತು ಎಂದರು ಎಲ್ಲರೂ. ಅಲ್ಲಿಂದ ಶಾಮಲಮ್ಮ ಮಾತು ಬಿಟ್ಟಳು. ಮಾಡಿ ಬಡಿಸುವಳು, ನೀರು ತರುವಳು, ಕರೆದರೆ ತಿರುಗಿ ನೋಡುವಳು, ಅಷ್ಟೇ. ಮತ್ತೆ ಬಸುರಾದಾಗ ಒಂದೇ ಒಂದು ಮಾತು ಆಡಿದಳು.

“ಮಾಮ, ಈ ಸಾರಿ ಗಾಳಿ ನುಗ್ಗದೆ ಇರೋ ಮನೆ ಬೇಕು ನಂಗೆ.”

ಬಾಡಿಗೆಗೆ ಸಿಗುತ್ತಿದ್ದ ಗುಡಿಸಲುಗಳನ್ನೆಲ್ಲ ಆವಲಪ್ಪ ನೋಡಿದ. ಒಂದರಲ್ಲೂ ಆಕಾಶ ಕಾಣದೆ ಇರಲಿಲ್ಲ. ಕೊನೆಗೆ ಅವನ ಕಣ್ಣು ಹಳೆಯ ಬಸ್ಸಿನ ಮೇಲೆ ಬಿತ್ತು. ಹುತ್ತೂರಿನ ಕೆರೆಯ ಹಿಂದೆ ತಂದೆಯಿಂದ ಬಂದ ಹೊಲದ ತುಂಡೊಂದು ಅವನಿಗಿತ್ತು, ಅದರ ಅಂಚಿನಲ್ಲಿ ಒಂದು ಹೊಂಗೆ ಮರ. ಅದರ ನೆರಳಿಗೆ ಬಸ್ಸು ಬಂದು ನಿಂತಿತು.

ಕೆಲಸಕ್ಕೆ ಇಳಿದ ಮೇಲೆ ಆವಲಪ್ಪನನ್ನು ಹಿಡಿಯುವವರಿರಲಿಲ್ಲ. ಸಾಹುಕಾರರ ಬಸ್ಸು ಕೋಲಾರಕ್ಕೆ ವಾಪಸಾದೊಡನೆ ಸೈಕಲ್ಲು ತುಳಿದುಕೊಂಡು ಬಂದು, ಬೆಳಕಿರುವ ತನಕ ಬಡಿಯುತ್ತಿದ್ದ. ಕಿಟಕಿಗಳಿಗೆ ಗಾಜಿರಲಿಲ್ಲ, ಹರಿದ ಕ್ಯಾನ್ವಾಸು ಪರದೆ ಮಾತ್ರ. ಅವುಗಳನ್ನು ಕಿತ್ತು ಹಳೆಯ ಪೆಟ್ಟಿಗೆಗಳ ಹಲಗೆ ಹೊಡೆದ. ಹಲಗೆಯ ಮೇಲೆ ಸೀಮೆಎಣ್ಣೆ ಡಬ್ಬ ಬಿಚ್ಚಿ ಚಪ್ಪಟೆ ಮಾಡಿದ ತಗಡು ಹೊದಿಸಿದ. ತಳದ ಹಲಗೆಗಳ ಸಂದಿಗೆ ತೆಂಗಿನ ನಾರು ತುರುಕಿ ಡಾಂಬರು ಹುಯ್ದ. ಮೇಲಿನ ತಗಡಿನ ಒಂದೊಂದು ಮೊಳೆಯ ತೂತಿಗೂ ಡಾಂಬರಿನ ಬೊಟ್ಟಿಟ್ಟ. ಹಳೆಯ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಾಗಿಲ ಸುತ್ತ ಹೊಡೆದ ಮೇಲೆ ಬಾಗಿಲು ಮುಚ್ಚಿದರೆ ಡಬ್ಬಿಯ ಮುಚ್ಚಳ ಕೂತ ಹಾಗೆ ಕೂರುತ್ತಿತ್ತು. ಸೀಟುಗಳನ್ನು ಜೋಡಿಸಿ ಮಂಚ ಮಾಡಿದ. ಪ್ಯಾಸೆಂಜರು ಹಿಡಿದುಕೊಳ್ಳುವ ಮೇಲಿನ ಕಂಬಿ ತೊಟ್ಟಿಲಿಗೆ ಹೇಳಿ ಮಾಡಿಸಿದಂತಿತ್ತು. ಹಾರನ್ನನ್ನು ಬಿಚ್ಚಿ ತಂದು ಮಂಚದ ತಲೆದೆಸೆಗೆ ಕೂರಿಸಿದ. ಒಲೆ ಮಾತ್ರ ಹೊರಗೆ, ಬಸ್ಸಿನ ಪಕ್ಕಕ್ಕೆ ಹಾಕಿದ ಚಪ್ಪರದಲ್ಲಿ.

“ಏನಾರ ಬೇಕು ಅಂದ್ರೆ ಕೂಗೋದು ಬೇಡ, ಇದನ್ನ ಅದುಮು” ಎಂದ.

“ಸ್ಟೇರಿಂಗು ಯಾಕೆ ಬಿಟ್ಟಿದ್ದೀಯ ಮಾಮ? ಅದೂ ತೆಗೆದ್ರೆ ಅಲ್ಲಿ ನೀರಿನ ಬಿಂದಿಗೆ ಇಡಬಹುದು.”

“ಇರ್ಲಿ ಕಣೇ. ಯುದ್ಧ ಮುಗೀಲಿ, ಒಂದು ಇಂಜಿನ್ ಹಾಕಿ ಮನೆ ಸಮೇತ ತಿರುಪತಿಗೆ ಕರ್ಕೊಂಡೋಗ್ತೀನಿ.”

“ಒಲೆ ಮೇಲೆ ಸಾರಿಟ್ಟಿದ್ರೆ?”

“ಇಳಿಸಿಟ್ಟು ಹೊರಡು.”

ಇಂಥ ಮಾತಾಡುವಷ್ಟು ಶಾಮಲಮ್ಮ ಮತ್ತೆ ಮನುಷ್ಯಳಾಗಿದ್ದಳು.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಆವಲಪ್ಪ ಊರಿನ ಕುಲುಮೆಯಿಂದ ತಿದಿ ಹೊತ್ತು ತಂದ. ಶಾಮಲಮ್ಮ ಬಾಗಿಲು ಹಾಕಿಕೊಂಡು ಹಣತೆ ಹಿಡಿದು ಒಳಗೆ ಕೂತಳು. ಅವನು ಹೊರಗಿನಿಂದ ಒಂದೊಂದು ಸಂದಿಗೂ ತಿದಿ ಇಟ್ಟು ಬುಸ್ಸೆಂದು ಊದಿದ. ಕುಡಿ ಅಲುಗಿದರೆ ಅವಳು ಹಾರನ್ ಅದುಮಬೇಕು. ಮೊದಲ ಸುತ್ತಿನಲ್ಲಿ ಪೋಂ ಪೋಂ ಎಂದು ಊರಿಗೆಲ್ಲ ಕೇಳಿಸಿತು. ಅಲುಗಿದ ಕಡೆಯೆಲ್ಲ ಅವನು ನಾರು, ಡಾಂಬರು ತುಂಬಿದ. ಮತ್ತೆ ಊದಿದ, ಮತ್ತೆ ತುಂಬಿದ. ಕೊನೆಯ ಸುತ್ತಿನಲ್ಲಿ ಬಸ್ಸಿನ ಸುತ್ತ ಬೆವರು ಸುರಿಸಿಕೊಂಡು ಬಂದರೂ ಹಾರನ್ನು ಸದ್ದು ಮಾಡಲಿಲ್ಲ. ಶಾಮಲಮ್ಮ ಬಾಗಿಲು ತೆಗೆದು ಹಣತೆ ತೋರಿಸಿದಳು.

“ಕುಡಿ ಕದಲಲೇ ಇಲ್ಲ ಮಾಮ. ದೇವರ ಮುಂದೆ ಇಟ್ಟಂಗೆ ನಿಂತಿತ್ತು.”

ಜೀವಮಾನದಲ್ಲಿ ಆವಲಪ್ಪ ಎಷ್ಟೋ ಮೋಟಾರು ರಿಪೇರಿ ಮಾಡಿದ್ದ. ಯಾವುದರ ಬಗ್ಗೆಯೂ ಅವನಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಊರಿನ ಗಂಡಸರು ಬಂದು ಬಾಗಿಲು ತೆಗೆದು ಮುಚ್ಚಿ ನೋಡಿ, ನಗುವುದನ್ನು ನಿಲ್ಲಿಸಿದರು.

ಬಾಣಂತನ ತಾಯಿಮನೆಯಲ್ಲಾಗಬೇಕು. ಆದರೆ ಮಗಳು ಆ ಮನೆಗೆ ಕಾಲಿಡುವುದಿಲ್ಲ ಎಂದದ್ದರಿಂದ ಮುತ್ಯಾಲಮ್ಮ ತಾನೇ ಗಂಟು ಕಟ್ಟಿಕೊಂಡು ಬಂದಳು. ಬಸ್ಸನ್ನು ಒಂದು ಸುತ್ತು ಹಾಕಿ, ಗೋಡೆಯ ತಗಡಿಗೆ ಕೈಯಿಟ್ಟು, ತಮ್ಮನ ಕಡೆ ತಿರುಗಿ, “ನಾಯ್ನಾ, ಅರಮನೇಲೂ ಇಷ್ಟು ಬೆಚ್ಚಗಿರಲ್ಲ” ಎಂದಳು. ಬಾಣಂತಿಯರಿಗೆ ನೀರು ಹಾಕುವುದರಲ್ಲಿ, ಎಳೆಮಕ್ಕಳಿಗೆ ಎಣ್ಣೆ ತಿಕ್ಕುವುದರಲ್ಲಿ ಅವಳ ಕೈ ಹೆಸರಾದದ್ದು. ಅವಳ ಕಡೆಯ ಹಳ್ಳಿಗಳಲ್ಲಿ ಹೆರಿಗೆಯಾದರೆ ಮೊದಲು ಕರೆ ಹೋಗುತ್ತಿದ್ದದ್ದು ಅವಳಿಗೆ.

ಕಾರ್ತೀಕದಲ್ಲಿ ಹೆಣ್ಣು ಮಗು ಹುಟ್ಟಿತು. ಗುಂಡಗೆ, ಗಟ್ಟಿ ಗಂಟಲಿನ ಮಗು. ಅದು ಹುಟ್ಟಿದ ಮರುದಿನವೇ ಜಡಿಮಳೆ ಹಿಡಿಯಿತು. ಹಗಲೂ ಇರುಳೂ ಒಂದೇ ಸಮನೆ ಸುರಿಯಿತು, ಗಾಳಿ ಹೊಂಗೆಯ ಕೊಂಬೆಗಳನ್ನು ಮುರಿಯಿತು. ಬಸ್ಸಿನೊಳಗೆ ಒಂದು ಹನಿ ಇಲ್ಲ, ಒಂದು ಸುಳಿಗಾಳಿ ಇಲ್ಲ. ಮಂಚದ ಪಕ್ಕದಲ್ಲಿ ಎಲ್ಲ ಬಾಣಂತಿಯರಿಗೂ ಇಡುವಂತೆ ಅಗ್ಗಿಷ್ಟಿಕೆ ಇಟ್ಟರು. ಇದ್ದಲು ಆವಲಪ್ಪನೇ ತಂದದ್ದು, ಬಸ್ಸಿನ ಡ್ರಮ್ಮಿಗೆ ಹಾಕುವ ಅದೇ ಮೂಟೆಯಿಂದ, ಒಳ್ಳೆಯ ಜಾಲಿ ಇದ್ದಲು. ಮೊದಮೊದಲು ನೀರು ನಿಡಿಗೆಂದು ಮುತ್ಯಾಲಮ್ಮ ಘಳಿಗೆಗೊಮ್ಮೆ ಒಳಗೆ ಹೊರಗೆ ಓಡಾಡುತ್ತಿದ್ದಳು, ಬಾಗಿಲು ತೆಗೆದು ಮುಚ್ಚಿ ಆಗುತ್ತಿತ್ತು. ಶಾಮಲಮ್ಮ ಒಮ್ಮೆ ತಲೆನೋವೆಂದಳು. ಬಾಣಂತಿಗೆ ತಲೆನೋವು ಬರದೆ ಇರುತ್ತದೆಯೇ? ಮುತ್ಯಾಲಮ್ಮ ಹಣೆಗೆ ಶುಂಠಿ ತೇಯ್ದು ಹಚ್ಚಿದಳು.

ಮಳೆ ಇನ್ನೂ ಬಿಡದಿದ್ದ ಒಂದು ದಿನ ಆವಲಪ್ಪ ಕೆಲಸಕ್ಕೆ ಹೋಗಿದ್ದ. ಮುತ್ಯಾಲಮ್ಮ ಮಗಳಿಗೆ ನೀರು ಹಾಕಿ, ಕಿವಿಗೆ ಬಟ್ಟೆ ಕಟ್ಟಿ ಮಲಗಿಸಿದಳು. ಚಳಿ ಜಾಸ್ತಿಯಾಗಿತ್ತೆಂದು ಅಗ್ಗಿಷ್ಟಿಕೆಗೆ ಇನ್ನಷ್ಟು ಇದ್ದಲು ಹಾಕಿ ಸಾಂಬ್ರಾಣಿ ಉದುರಿಸಿದಳು. ಹೊಗೆಗೆ ಮಗು ರಚ್ಚೆ ಹಿಡಿಯಿತು. ಶಾಮಲಮ್ಮನಿಗೆ ಜೋಂಪು ಹತ್ತಿತ್ತು. ಅವಳ ನಿದ್ದೆ ಕೆಡಬಾರದೆಂದು ಮಗುವನ್ನು ಎದೆಗೆ ಸುತ್ತಿಕೊಂಡು ಹೊರಗಿನ ಚಪ್ಪರದ ಒಲೆಯ ಹತ್ತಿರಕ್ಕೆ ಹೊರಟಳು. ಬಾಗಿಲು ತೆಗೆದಾಗ ಮಳೆಗಾಳಿ ಅವಳನ್ನು ತಳ್ಳಿಕೊಂಡು ಒಳಕ್ಕೆ ನುಗ್ಗಿತು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಬಾಗಿಲು, ಎಳೆದು ಮುಚ್ಚುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು. ಮುಚ್ಚಿದಳು. ಆಮೇಲೆ ಒಲೆಯ ಮುಂದೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಮಗು ಮಲಗಿತು. ಹಾರನ್ನು ಸದ್ದು ಮಾಡಲಿಲ್ಲ. ಒಳ್ಳೆಯದಾಯಿತು, ಮಗಳು ನೆಮ್ಮದಿಯಾಗಿ ಮಲಗಿದ್ದಾಳೆ ಅಂದುಕೊಂಡಳು.

ಮಳೆಗೆ ಶ್ರೀನಿವಾಸಪುರದ ರಸ್ತೆ ಕೊಚ್ಚಿಹೋಗಿ ಆವಲಪ್ಪ ಮಧ್ಯಾಹ್ನವೇ ವಾಪಸಾದ. ಒದ್ದೆ ಬಟ್ಟೆ ಹಿಂಡಿಕೊಂಡು ಬಾಗಿಲು ತೆಗೆದ. ಒಳಗೆ ಬೆಚ್ಚಗಿತ್ತು. ಅಗ್ಗಿಷ್ಟಿಕೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಶಾಮಲಮ್ಮ ಮಗ್ಗುಲಾಗಿ, ಒಂದು ಕೈ ಕೆನ್ನೆಯ ಕೆಳಗಿಟ್ಟು ಮಲಗಿದ್ದಳು. ಕೆನ್ನೆ ಎಣ್ಣೆನೀರು ಹಾಕಿಕೊಂಡವಳ ಹಾಗೆ ಕೆಂಪಗೆ ರಂಗೇರಿತ್ತು.

ಅವನಿಗೆ ಮುನಿಕೃಷ್ಣಪ್ಪನ ಮುಖ ನೆನಪಾಯಿತು. ನೆನಪಾದ ಕ್ಷಣವೇ ಎಲ್ಲ ಗೊತ್ತಾಗಿಹೋಯಿತು. ಅವಳನ್ನು ತೋಳಲ್ಲಿ ಎತ್ತಿಕೊಂಡು ಹೊರಕ್ಕೆ ಹಾರಿ ಮಳೆಯಲ್ಲಿ, ಕೆಸರಿನಲ್ಲಿ ಮಲಗಿಸಿ, ಮುಖ ಗಾಳಿಗೆ ತಿರುಗಿಸಿ, ಶಾಮಲಾ ಶಾಮಲಾ ಎಂದು ಕೆನ್ನೆ ತಟ್ಟಿದ. ಮುತ್ಯಾಲಮ್ಮ ಮಗುವನ್ನು ಹಿಡಿದುಕೊಂಡೇ ಓಡಿ ಬಂದಳು.

“ಏನ್ಲಾ ಮಾಡ್ತಿದ್ದೀಯ? ಹಸಿ ಬಾಣಂತಿ ಕಣೋ. ಗಾಳಿ ಆಗುತ್ತೆ, ಒಳಕ್ಕೆ ತಗೊಂಡೋಗೋ. ನಿನ್ನ ಕಾಲಿಗೆ ಬೀಳ್ತೀನಿ, ಒಳಕ್ಕೆ ತಗೊಂಡೋಗೋ.”

ಅವನು ಒಳಕ್ಕೆ ಒಯ್ಯಲಿಲ್ಲ. ಶಾಮಲಮ್ಮ ಕಣ್ಣು ಬಿಡಲೂ ಇಲ್ಲ. ಅವಳು ಹೋಗಿ ಎಷ್ಟೋ ಹೊತ್ತಾಗಿತ್ತು.

ಮಳೆ ಬಿಟ್ಟ ಮೇಲೆ ಹೊಲದ ಅಂಚಿನಲ್ಲೇ ಮಣ್ಣು ಮಾಡಿದರು. ಬಾಣಂತಿಗೆ ಗಾಳಿ ಸೋಕಿತು ಎಂದರು ಊರಿನವರು. ಮುತ್ಯಾಲಮ್ಮ ಎದೆ ಬಡಿದುಕೊಂಡು ಬಂದ ಬಂದವರಿಗೆಲ್ಲ ಒಂದನ್ನೇ ಹೇಳಿದಳು. “ನಾನೇ ಬಾಗಿಲು ತೆಗೆದೆ. ಅವನು ಇಷ್ಟು ಕಷ್ಟಪಟ್ಟು ಮುಚ್ಚಿದ್ದ. ಒಂದು ಸಂದಿ ಇರಲಿಲ್ಲ. ನಾನೇ ಕೈಯಾರೆ ಬಾಗಿಲು ತೆಗೆದು ಗಾಳಿ ಬಿಟ್ಟೆ.”

ಆವಲಪ್ಪ ಕೇಳಿಸಿಕೊಂಡ. ನಿಜ ಹೇಳಿದರೆ ಅಕ್ಕ ಮಗುವನ್ನು ಎತ್ತಿಕೊಂಡು ತನ್ನ ಹಳ್ಳಿಗೆ ಹೋಗಿಬಿಟ್ಟರೆ? ತನ್ನ ಮುಖ ನೋಡುವುದನ್ನೇ ಬಿಟ್ಟರೆ? ಹಾಲು ಕುಡಿಯುವ ಕೂಸನ್ನು ಅವನೊಬ್ಬನೇ ಹೇಗೆ ಸಾಕಬೇಕು? ನಾಳೆ ಹೇಳೋಣ ಎಂದುಕೊಂಡ. ಆ ನಾಳೆ ಬರಲಿಲ್ಲ. ಅಕ್ಕ ತನ್ನದಲ್ಲದ ತಪ್ಪನ್ನು ಹೊತ್ತು ಕುಗ್ಗುತ್ತಾ ಹೋದಳು, ತಮ್ಮ ಅದನ್ನು ನೋಡುತ್ತಾ ಸುಮ್ಮನಿದ್ದ. ಹೇಡಿತನವೆಂದರೆ ಅದೇ, ಬೇರೆ ಹೆಸರು ಕೊಡುವ ಅಗತ್ಯವಿಲ್ಲ.

ಅವನು ಮಾಡಿದ್ದು ಒಂದೇ ಕೆಲಸ. ಉಳಿ ಸುತ್ತಿಗೆ ತಂದು, ಮಂಚದ ಮೇಲ್ಗಡೆ ತಗಡನ್ನೂ ಹಲಗೆಯನ್ನೂ ಕಡಿದು, ಅಂಗೈ ಹಿಡಿಸುವಷ್ಟು ಕಿಂಡಿ ಮಾಡಿದ. ಸಂಜೆ ನೋಡಿದರೆ ಕಿಂಡಿಗೆ ಹಳೆಯ ಸೀರೆಯ ತುಂಡು ತುರುಕಿತ್ತು. ಉಳಿದಿರುವ ಕೂಸಿಗಾದರೂ ಗಾಳಿ ಸೋಕದಿರಲಿ ಎಂದು ಮುತ್ಯಾಲಮ್ಮ ತುರುಕಿದ್ದಳು. ಅವನು ಕಿತ್ತ. ಮಾರನೆಯ ಸಂಜೆ ಮತ್ತೆ ಇತ್ತು. ಮತ್ತೆ ಕಿತ್ತ.

ಯುದ್ಧ ಮುಗಿಯಿತು. ಪೆಟ್ರೋಲು ಬಂತು, ಇದ್ದಲಿನ ಡ್ರಮ್ಮು ಗುಜರಿಗೆ ಹೋಯಿತು. ಸ್ವಾತಂತ್ರ್ಯವೂ ಬಂತು. ಭಾರತಮ್ಮ ಎಂದು ಹೆಸರಿಟ್ಟಿದ್ದ ಮಗು ಸ್ಟೇರಿಂಗು ಹಿಡಿದು ಬುರ್ ಎನ್ನುತ್ತಾ ದಿನವೂ ತಿರುಪತಿಗೆ ಹೋಗಿ ಬರುವಷ್ಟು ದೊಡ್ಡದಾಯಿತು. ಸುತ್ತಮುತ್ತ ಪಂಪು ಕೆಟ್ಟರೂ ಬೀಗ ಕೆಟ್ಟರೂ ಆವಲಪ್ಪನಿಗೇ ಕರೆ ಬರುತ್ತಿತ್ತು. ಇಷ್ಟೆಲ್ಲ ರಿಪೇರಿ ಮಾಡುವವನ ಮನೆಯ ಗೋಡೆಯಲ್ಲಿ ತೂತೇಕೆ ಎಂದು ಜನ ಮೂಗು ಮುರಿದರು.

ಒಂದು ದಿನ ನೆರೆಯ ಬೈರಮ್ಮ ಬಂದಳು. ಅವಳ ಮಗಳಿಗೆ ಹೆರಿಗೆಯಾಗಿತ್ತು. “ನೀನು ಬಂದು ಒಂದು ಸಾರಿ ನೀರು ಹಾಕು ಮುತ್ಯಾಲಕ್ಕ, ನಿನ್ನ ಕೈ ಬಿದ್ರೆ ಕೂಸು ಗಟ್ಟಿಯಾಗುತ್ತೆ” ಎಂದು ಕೇಳಿದಳು.

ಮುತ್ಯಾಲಮ್ಮ ಎರಡು ಕೈಯನ್ನೂ ಸೆರಗಿನೊಳಕ್ಕೆ ಎಳೆದುಕೊಂಡಳು. “ಬೇಡಮ್ಮ. ನನ್ನ ಕೈ ಒಳ್ಳೇದಲ್ಲ. ಹೆತ್ತ ಮಗಳನ್ನೇ ಕಳೆದ ಕೈ ಇದು.”

ಬೈರಮ್ಮ ಹೋದ ಮೇಲೂ ಅವಳು ಕೈಗಳನ್ನು ಹೊರಗೆ ತೆಗೆಯಲಿಲ್ಲ. ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದ ಆವಲಪ್ಪನಿಗೆ ಅದನ್ನು ನೋಡಲಾಗಲಿಲ್ಲ. ತನ್ನನ್ನು ಹೊತ್ತು ತಿರುಗಿದ ಕೈ ಅವು. ಎಣ್ಣೆಯ ಡಬ್ಬಿ ಕೆಳಗಿಟ್ಟು ಬಂದು ಅಕ್ಕನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

“ಅಕ್ಕಾ, ಶಾಮಲ ಹೋಗಿದ್ದು ಗಾಳಿ ಬಂದಿದ್ದಕ್ಕಲ್ಲ. ಗಾಳಿ ಬರದೆ ಇದ್ದಿದ್ದಕ್ಕೆ.”

ಎಲ್ಲವನ್ನೂ ಹೇಳಿದ. ಮುನಿಕೃಷ್ಣಪ್ಪ ಷೆಡ್ಡಿನಲ್ಲಿ ಬಿದ್ದದ್ದು, ಇದ್ದಲಿನ ಗ್ಯಾಸು, ಮುಖ ಕೆಂಪಾಗುವುದು. ಹುಲ್ಲಿನ ಮನೆಯಲ್ಲಾದರೆ ಗ್ಯಾಸು ಸಂದಿಯಿಂದ ಹೊರಗೆ ಹೋಗುತ್ತದೆ, ತಾನು ಒಂದು ಸಂದಿಯನ್ನೂ ಉಳಿಸಿರಲಿಲ್ಲ. ಅಕ್ಕ ಬಾಗಿಲು ತೆಗೆದಾಗ ಬಂದ ಗಾಳಿಯೇ ಅವಳ ಮಗಳಿಗೆ ಸಿಕ್ಕ ಕೊನೆಯ ಒಳ್ಳೆಯ ಉಸಿರು. “ನೀನು ಮಗೂನ ಹೊರಗೆ ತಂದಿದ್ದಕ್ಕೆ ಭಾರತಮ್ಮ ಉಳಿದ್ಲು. ಕೊಂದಿದ್ದು ನಾನು. ಅವತ್ತೇ ಗೊತ್ತಿತ್ತು. ನೀನು ಅಳೋದು ನೋಡ್ಕೊಂಡು ಬಾಯಿ ಮುಚ್ಕೊಂಡಿದ್ದೆ.”

ಅಕ್ಕ ಹೊಡೆಯಲಿ ಎಂದು ಅವನು ಕಾದ. ಹೊಡೆದಿದ್ದರೆ, ಬೈದಿದ್ದರೆ, ಕಾರಿ ಉಗಿದಿದ್ದರೆ ಅವನ ಜೀವ ಹಗುರವಾಗುತ್ತಿತ್ತು.

ಮುತ್ಯಾಲಮ್ಮ ಸೆರಗಿನೊಳಗಿಂದ ಒಂದು ಕೈ ತೆಗೆದು ಅವನ ತಲೆಯ ಮೇಲಿಟ್ಟಳು.

“ನೀನು ಹುಟ್ಟಿದಾಗ ಅಮ್ಮನ ಪಕ್ಕದಲ್ಲಿ ಅಗ್ಗಿಷ್ಟಿಕೆಗೆ ಕೆಂಡ ಹಾಕ್ತಿದ್ದವಳು ನಾನೇ ಕಣೋ. ಆಗ ನೀನು ಸತ್ತೋದ್ಯಾ? ಅಮ್ಮ ಸತ್ಲಾ? ಕೆಂಡದಿಂದ ಯಾವ ಬಾಣಂತಿ ಸತ್ತಿದ್ದಾಳೆ, ಹೇಳು?” ಅವನ ತಲೆ ಸವರಿದಳು. “ನಾನು ಕೊರಗ್ತೀನಿ ಅಂತ ನನ್ನ ಪಾಪಾನ ನಿನ್ನ ತಲೆ ಮೇಲೆ ಹಾಕ್ಕೊಳ್ತಿದ್ದೀಯ. ಚಿಕ್ಕಂದಿನಿಂದ ನೀನು ಹಂಗೇ. ಮಡಕೆ ಒಡೆದವಳು ನಾನಾದ್ರೂ ಅಪ್ಪನ ಹತ್ರ ಏಟು ತಿಂತಿದ್ದವನು ನೀನು.”

“ಇಲ್ಲ ಅಕ್ಕಾ, ನಿಜ ಹೇಳ್ತಿದ್ದೀನಿ.”

“ನಂಗೊತ್ತು ಕಣೋ. ನಿನ್ನಂಥ ತಮ್ಮ ಯಾರಿಗೂ ಇಲ್ಲ.”

ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಅವನು ಬಿಡಿಸಿ ಬಿಡಿಸಿ ಹೇಳಿದಷ್ಟೂ ಅವಳ ಕಣ್ಣಿನಲ್ಲಿ ಒಳ್ಳೆಯವನಾಗುತ್ತಾ ಹೋದ. ಕೊನೆಗೆ ಅವಳನ್ನು ಕೈಹಿಡಿದು ಬಸ್ಸಿನೊಳಕ್ಕೆ ಕರೆದುಕೊಂಡು ಹೋದ. ದೀಪ ಹಚ್ಚುವ ಹೊತ್ತಾಗಿತ್ತು. ಹಣತೆ ಹಚ್ಚಿ ಕಿಂಡಿಯ ಹತ್ತಿರ ಹಿಡಿದು ಬಾಗಿಲು ಮುಚ್ಚಿದ. ಕುಡಿ ಅತ್ತ ಇತ್ತ ಓಲಾಡಿತು.

“ನೋಡಕ್ಕಾ. ಇವತ್ತು ಅಲುಗ್ತಾ ಇದೆ. ಆವತ್ತು ಅಲುಗಲಿಲ್ಲ.”

“ಹೂಂ, ನೋಡ್ದೆ” ಎಂದಳು ಮುತ್ಯಾಲಮ್ಮ. “ಎಷ್ಟೊಂದು ಗಾಳಿ ಬರ್ತಿದೆ.” ಹಾಗೆಂದು ಮೂಲೆಯಲ್ಲಿದ್ದ ಸೀರೆಯ ತುಂಡನ್ನು ತೆಗೆದು, ಮಲಗಿದ್ದ ಮೊಮ್ಮಗಳಿಗೆ ಎಚ್ಚರವಾಗದಂತೆ ಮಂಚ ಹತ್ತಿ, ಕಿಂಡಿಗೆ ಜೋಪಾನವಾಗಿ ತುರುಕಿದಳು. ಹಣತೆಯ ಕುಡಿ ನೆಟ್ಟಗೆ ನಿಂತಿತು.

ಆ ತುಂಡು ಶಾಮಲಮ್ಮನ ಸೀರೆಯದು. ಅಕ್ಕ ಒಲೆಯ ಕಡೆ ಹೋಗುವುದನ್ನೇ ಕಾದಿದ್ದು ಆವಲಪ್ಪ ಅದನ್ನು ಎಳೆದು ತೆಗೆದು ಮಡಿಸಿ ಮಗಳ ತಲೆಯ ಕೆಳಗಿಟ್ಟ. ದೀಪ ಮತ್ತೆ ಅಲುಗಾಡತೊಡಗಿದ ಮೇಲೆಯೇ ಊಟಕ್ಕೆ ಎದ್ದ.